ಮರಿಗುದುರೆಯ ಬಲಗಣ್ಣು

ಕ್ವಾರಿಯಲ್ಲಿ ಬಂಡೆ ಸಿಡಿಯಿತು, ಲಾಯದ ತಗಡು ನಡುಗಿ ಧೂಳು ಉದುರುತ್ತಿದೆ, ಮರಿಯ ಬಲಗಣ್ಣಿಗೆ ಬೀಳದಿರಲೆಂದು ಅಂಗೈ ಅಡ್ಡ ಹಿಡಿದೆ, ಅಂಗೈ ಕೆಳಗೆ ರೆಪ್ಪೆ ಸುಡುತ್ತಿದೆ — ಕಣ್ಣಿನ ಮೇಲಿನ ಗಾಜಿನಂಥ ಪೊರೆ ಕರಗುತ್ತಿದೆ, ಹುಣ್ಣು ಆಳಕ್ಕೆ ಕೊರೆದಿದೆ, ಕೂದಲೆಳೆಯಷ್ಟು ಉಳಿದಿದೆ, ಒಡೆದರೆ ಮುಗಿಯಿತು, ಪ್ರತಿಮಾ, ಪಶುವೈದ್ಯೆ ನೀನು, ಮೆಲ್ಲಗೆ, ಅಂದುಕೊಳ್ಳುತ್ತೇನೆ. ಇವತ್ತೂ ಬೆಳಿಗ್ಗೆ ತಾಯಿಕುದುರೆಯ ಕತ್ತಿನಿಂದ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ಹಳದಿ ನೀರನ್ನು ಸಿರಿಂಜಿಗೆ ತುಂಬಿಕೊಂಡಿದ್ದೆ, ಪೊರೆ ಕರಗುವುದನ್ನು ಅದು ತಡೆಯುತ್ತದೆ, ಗಂಟೆಗೊಮ್ಮೆ ಹನಿ, ನಡುನಡುವೆ ಔಷಧಿ, ಕನಕಪುರ ರಸ್ತೆಯ ಬಸ್ಸಿನ ಹಾರ್ನಿಗೂ ಬೆದರುವ ಮರಿ ಪ್ರತಿ ಹನಿಗೂ ತಲೆ ಒಗೆಯುತ್ತದೆ, ಅದನ್ನು ಅಪ್ಪಿ ಹಿಡಿಯುವ ಲಾಯದಾಳು ಓವೈಸ್‌ನ ತುಟಿ ನಿನ್ನೆಯೇ ಒಡೆದಿದೆ. ಮುಳ್ಳು ಚುಚ್ಚಿರ್ಬೇಕು ಡಾಕ್ಟ್ರೇ, ಜಾಲಿ ಬೇಲಿ ಐತಲ್ಲ, ಅಂದಿದ್ದ ಮಧುಕುಮಾರ್, ಈ ಕುದುರೆಗಳ ಯಜಮಾನ, ನಾನು ನಂಬಿದ್ದೆ, ಈಗ ಓವೈಸ್ ಮರಿಯ ಕತ್ತಿಗೆ ಮುಖ ಒತ್ತಿ ಪಿಸುಗುಟ್ಟುತ್ತಾನೆ, ಮುಳ್ಳಲ್ಲ ಮೇಡಂ, ಚಾವಟಿ, ಹಗ್ಗ ಹಾಕುಸ್ಕೊಳ್ನಿಲ್ಲ ಅಂತ ಯಜಮಾನ್ರೇ ಮಕಕ್ಕೇ ಬಾರ್ಸ್ಬುಟ್ರು. ಚಾವಟಿ, ಮುಖಕ್ಕೆ, ಈ ಕಣ್ಣಿಗೆ — ಮರಿಯ ಕತ್ತಿಗೆ ಮತ್ತಿನ ಇಂಜೆಕ್ಷನ್ ಚುಚ್ಚುತ್ತೇನೆ.

ಬಾಗಿಲಲ್ಲಿ ಅವನೇ, ಮಧುಕುಮಾರ್, ಇನ್ನೂ ಆಗ್ಲಿಲ್ವಾ ಡಾಕ್ಟ್ರೇ ಅಂದ, ಮತ್ತಿನ ಇಂಜೆಕ್ಷನ್ ಈಗಷ್ಟೇ ಕೊಟ್ಟಿದ್ದೀನಿ, ಮತ್ತು ಏರಲಿ, ನೀವು ಹೊರಗಿರಿ ಅಂದೆ, ಅವನ ದನಿಗೇ ಮರಿ ನೆಲ ಕೆರೆಯುತ್ತಿದೆ, ಒಸಿ ಬಿಗಿಯಾಗಿ ಹಿಡಿಯಾಕೆ ಬರಲ್ವೇನ್ಲಾ ಓವೈಸು, ಬುಡು, ಎನ್ನುತ್ತ ನುಗ್ಗಿ ಮರಿಯ ಕಿವಿ ಹಿಡಿದು ತಿರುಚಿದ, ಬೇಡ, ಬಿಡ್ರೀ ಎಂದು ಕೂಗಿದೆ, ಮರಿ ಹಿಂಗಾಲ ಮೇಲೆದ್ದಿತು, ಗೊರಸು ನನ್ನ ಭುಜಕ್ಕೆ, ನನ್ನ ಬೆನ್ನು ಗೋಡೆಗೆ, ಅದರ ತಲೆ ಕಲ್ಲುತೊಟ್ಟಿಯ ಅಂಚಿಗೆ ಬಡಿದ ಸದ್ದು, ಪಕ್ಕದಲ್ಲಿ ತಾಯಿ ಹಲಗೆ ಒದೆಯುತ್ತಿದೆ, ಒದೆಯುತ್ತಲೇ ಇದೆ — ಮರಿಯ ಕೆನ್ನೆಯ ಮೇಲೆ ನೀರು, ಕಣ್ಣೀರಲ್ಲ, ಕಣ್ಣೊಳಗಿನ ನೀರು, ಸೀಳಿನಿಂದ ಕಂದು ಮಣಿಯಂಥದೊಂದು ಹೊರಗಿಣುಕಿದೆ, ಪೊರೆ ಒಡೆಯಿತು, ಇನ್ನು ಈ ಕಣ್ಣನ್ನು ತೆಗೆದೇ ಹಾಕಬೇಕು, ಇಷ್ಟು ದಿನ ಹನಿ ಹನಿಯಾಗಿ ಕಾಪಾಡಿದ್ದನ್ನು. ಮರಿ ಕಟ್ಟುವ ಹಗ್ಗ ಯಾವಾಗ ನನ್ನ ಕೈಗೆ ಬಂತೋ, ಒದ್ದೆ ಹಗ್ಗ, ಗಂಟಿರುವ ತುದಿ, ಬೀಸಿದೆ, ಅವನ ಮುಖಕ್ಕೇ, ಇನ್ನೊಮ್ಮೆ, ಬುಡಿ ಮೇಡಂ, ಸಾಕು ಬುಡಿ, ಅನ್ನುತ್ತಿದ್ದಾನೆ ಓವೈಸ್, ಮಧುಕುಮಾರ್ ಮುಖ ಮುಚ್ಚಿಕೊಂಡು ಕುಸಿದಿದ್ದಾನೆ, ಬೆರಳ ಸಂದಿಯಲ್ಲಿ ರಕ್ತ, ಹಾಯೆನಿಸಿತು, ಹೌದು, ಹಾಯೆನಿಸಿತು, ಮತ್ತೆ ಕೈಯೆತ್ತಿದೆ — ಮೂಲೆಯಲ್ಲಿ ಮರಿ, ಉಳಿದ ಎಡಗಣ್ಣು ಅಗಲವಾಗಿ ತೆರೆದಿದೆ, ಅವನನ್ನು ನೋಡುತ್ತಿಲ್ಲ, ನನ್ನ ಕೈಯನ್ನು ನೋಡುತ್ತಿದೆ, ಗೋಡೆಗೆ ಅಂಟಿಕೊಂಡು ಸಣ್ಣದಾಗುತ್ತಿದೆ, ಹಗ್ಗ ಬಿಸಾಡಿದೆ, ಬಾ ಮರಿ, ನಾನು ಕಣೋ, ಇನ್ನೂ ಹಿಂದಕ್ಕೆ ಸರಿಯುತ್ತದೆ, ಇನ್ನೂ ಸಣ್ಣದು, ಆ ಎಡಗಣ್ಣು, ಅದರೊಳಗೆ ಎತ್ತಿದ ನನ್ನ ಕೈ, ಇಳಿಸಿದರೂ ಇಳಿಯದ ಕೈ, ಎಡಗಣ್ಣು, ಕೈ, ಎಡಗಣ್ಣು