ಚಳಿ ಬಿಡಿಸೋದು ಅಂದ್ರೆ

ಪೊಲೀಸ್ ಠಾಣೆಯಿಂದ ಚಂದ್ರಮೋಹನರಿಗೆ ಫೋನ್ ಬಂತು. ಕೇಂದ್ರ ಸರ್ಕಾರದ ನೌಕರಿ, ದೆಹಲಿಯ ಜನಕಪುರಿಯಲ್ಲಿ ಮನೆ. ಠಾಣೆಯ ಮೆಟ್ಟಿಲು ಹತ್ತಿದವರೇ ಅಲ್ಲ. "ಕನ್ನಡ ಬಲ್ಲವರು ಬೇಕಿತ್ತು ಜೀ, ಒಂದು ಸಾಲಿನ ಅರ್ಥ ಹೇಳಿ ಹೋಗಿ" ಎಂದಿದ್ದರು, ಅಷ್ಟೇ.

ಹೋಗಿ ನೋಡಿದರೆ ಬೆಂಚಿನ ಮೇಲೆ ಸಂಯುಕ್ತಾ ಕೂತಿದ್ದಾಳೆ! ಎಂ.ಎ. ಓದುವ ಹುಡುಗಿ, ಕರ್ನಾಟಕದ ವಿದ್ಯಾರ್ಥಿನಿಯರಿಗೆಂದೇ ಇದ್ದ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಬಿಸಿನೀರಿಲ್ಲ. ಹಾಗಾಗಿ ಜನವರಿಯಲ್ಲಿ ಪ್ರತಿ ಭಾನುವಾರ ಚಂದ್ರಮೋಹನರ ಮನೆಗೆ ಬಂದು, ತಲೆಸ್ನಾನ ಮಾಡಿ, ಅವರ ಹೆಂಡತಿ ಉಷಾ ಬಡಿದ ರೊಟ್ಟಿ ತಿಂದು ಹೋಗುತ್ತಿದ್ದಳು.

ಊರಿಂದ ಮಂತ್ರಿಯೊಬ್ಬರು ಬಂದು ಆ ಹಾಸ್ಟೆಲಿನ ಹೊಸ ಗೀಸರ್ ಉದ್ಘಾಟಿಸಿದ್ದರು. ಟೇಪು ಕತ್ತರಿಸಿ, ಫೋಟೊ ತೆಗೆಸಿಕೊಂಡು ಅವರ ಕಾರು ಗೇಟು ದಾಟಿತೋ ಇಲ್ಲವೋ, ಬಾಡಿಗೆಗೆ ತಂದಿದ್ದ ಗೀಸರನ್ನು ಅಂಗಡಿಯವರು ಬಿಚ್ಚಿಕೊಂಡು ಹೋದರು. ಸಂಯುಕ್ತಾ ಅಂತರ್ಜಾಲದಲ್ಲಿ, ಆರ್ಕುಟ್‌ನ ಕನ್ನಡಿಗರ ಕೂಟದಲ್ಲಿ ಬರೆದಳು: "ನಮಗಂತೂ ಚಳಿ ಬಿಡಲಿಲ್ಲ. ಮುಂದಿನ ಸಲ ಮಂತ್ರಿಗಳು ಬಂದಾಗ ಎಲ್ಲರೂ ಸೇರಿ ಅವರಿಗೇ ಚಳಿ ಬಿಡಿಸೋಣ, ಬನ್ನಿ." ಮಂತ್ರಿಯ ಕಡೆಯವರು ದೂರು ಕೊಟ್ಟರು.

ನಿಜ ಹೇಳಬೇಕೆಂದರೆ ಆ ಮಾತು ಹುಟ್ಟಿದ್ದು ಚಂದ್ರಮೋಹನರ ಊಟದ ಮೇಜಿನಲ್ಲೇ. ಗೀಸರಿನ ಕತೆ ಕೇಳಿ "ಆ ಮನುಷ್ಯನಿಗೆ ಸರಿಯಾಗಿ ಚಳಿ ಬಿಡಿಸಬೇಕು ಕಣಮ್ಮ" ಎಂದು ಮೇಜು ಕುಟ್ಟಿ ನಕ್ಕವರು ಅವರೇ.

"ಚಳಿ ಬಿಡಿಸೋದು ಅಂದ್ರೆ ಏನು ಜೀ?" ಇನ್‌ಸ್ಪೆಕ್ಟರ್ ಹಿಂದಿಯಲ್ಲಿ ಕೇಳಿದ. "ನಮ್ಮಲ್ಲಿ ಒಬ್ಬನನ್ನ ಠಂಡಾ ಮಾಡ್ತೀನಿ ಅಂದ್ರೆ ಅವನ ಕತೆ ಮುಗೀತು ಅಂತ. ಇದೂ ಅಂಥದ್ದೇನಾ?"

"ಛೆ ಛೆ, ಕೊಲ್ಲೋದಲ್ಲ! ಬೈಯೋದು, ತರಾಟೆಗೆ ತಗೊಳ್ಳೋದು."

ಸಂಯುಕ್ತಾಳ ಮುಖ ಅರಳಿತು. "ಆಗ್ಲಿಂದ ಅದನ್ನೇ ಬಡ್ಕೋತಿದೀನಿ ಅಂಕಲ್!"

"ಅಚ್ಛಾ. ಹೊಡೆಯೋದಕ್ಕೂ ಹೀಗೇ ಅಂತಾರಾ?" ಇನ್‌ಸ್ಪೆಕ್ಟರ್ ಪೆನ್ನು ಎತ್ತಿಕೊಂಡ. "ಯೋಚನೆ ಮಾಡಿ ಹೇಳಿ. ನೀವೂ ಸರ್ಕಾರಿ ಮನುಷ್ಯರು. ಯಾವ ಇಲಾಖೆ ಅಂದಿರಿ?"

ಅನ್ನುತ್ತಾರೆ, ಸುಳ್ಳಲ್ಲ. ಆದರೆ ತಣ್ಣೀರಲ್ಲಿ ನಡುಗುವ ಹುಡುಗಿ ಹಾಗಂದರೆ ಅದು ಹೊಡೆತವಲ್ಲ, ತಮಾಷೆ. ಅಷ್ಟು ಹೇಳಿದ್ದರೆ ಸಾಕಿತ್ತು. "ನಾನೂ ಹಾಗೇ ಅಂದಿದ್ದೆ" ಎಂದಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು. ಚಂದ್ರಮೋಹನರಿಗೆ ಮೇಲಧಿಕಾರಿಯ ಮುಖ ನೆನಪಾಯಿತು, ಬರಬೇಕಿದ್ದ ಬಡ್ತಿ ನೆನಪಾಯಿತು.

"ಅಂತಾರೆ ಜೀ, ಕೆಲವು ಸಲ" ಎಂದರು.

ಪೆನ್ನು ಓಡಿತು.

"ಅಂಕಲ್?" ಎಂದಳು ಸಂಯುಕ್ತಾ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಇದನ್ನ ನಿನಗೆ ಹೇಳಿಕೊಟ್ಟವರು ಯಾರು?" ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದ.

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. ಹುಡುಗಿ ಅವರನ್ನೊಮ್ಮೆ ನೋಡಿದಳು.

"ಯಾರೂ ಇಲ್ಲ. ನಾನೇ ಬರೆದದ್ದು."

ಸಂಜೆ ಅವಳನ್ನು ಬಿಟ್ಟರು, ಕೇಸು ಬಿಡಲಿಲ್ಲ. ಹಾಸ್ಟೆಲಿನವರು ಕೋಣೆ ಖಾಲಿ ಮಾಡು ಎಂದರು. ಶನಿವಾರ ಅವಳಪ್ಪ ಬಂದು ಊರಿಗೆ ಕರೆದುಕೊಂಡು ಹೋದರಂತೆ ಎಂದು ಕೂಟದವರೊಬ್ಬರು ಚಂದ್ರಮೋಹನರಿಗೆ ಹೇಳಿದರು. ಠಾಣೆಗೆ ಹೋಗಿದ್ದನ್ನೇ ಮನೆಯಲ್ಲಿ ತಿಳಿಸದವರು ಇದನ್ನೂ ನುಂಗಿಕೊಂಡರು.

ಭಾನುವಾರ ಬೆಳಿಗ್ಗೆ ಉಷಾ ಎಂದಿನಂತೆ ಗೀಸರ್ ಹಾಕಿದರು. ಬಚ್ಚಲ ಗೂಟಕ್ಕೆ ಒಗೆದ ಟವೆಲ್ ತೂಗುಹಾಕಿದರು.

"ರೀ, ಆ ಹುಡುಗಿ ಇನ್ನೂ ಬರಲಿಲ್ವಲ್ಲ! ಒಂದು ಫೋನ್ ಮಾಡಿ. ನೀರು ಕಾದು ಕೂತಿದೆ."

ಊರಿಗೆ ಹೋದಳಂತೆ ಎಂದುಬಿಡಬಹುದಿತ್ತು. ಅದೂ ಸುಳ್ಳಲ್ಲ. ಠಾಣೆಯಲ್ಲಿ ಹೇಳಿದ್ದರಲ್ಲ, ಅಂಥದೇ ಸುಳ್ಳಲ್ಲದ ಮಾತು.

ಚಂದ್ರಮೋಹನರು ಎದ್ದು ಗೀಸರಿನ ಸ್ವಿಚ್ಚು ಆರಿಸಿದರು. "ಉಷಾ, ಇಲ್ಲಿ ಬಾ. ಕೂತ್ಕೋ" ಎಂದರು.