ಇಬ್ಬರಿಗೆ ಒಂದೇ ಬಿ.ಪಿ.

ಹೊಲಿಗೆ ಅಂಗಡಿಯ ಅವಳಿ ಅಕ್ಕತಂಗಿಯರಲ್ಲಿ ಕತ್ತರಿ ಅಕ್ಕನದು, ಮೆಷಿನ್ ತಂಗಿಯದು. ಅಕ್ಕ ಹುಟ್ಟಿದ್ದು ಹನ್ನೊಂದು ನಿಮಿಷ ಮುಂಚೆ, ಎರಡೂವರೆ ಕೆಜಿ. ತಂಗಿ ಒಂದೂವರೆಗೂ ಕಮ್ಮಿ. ಹತ್ತಿಯಲ್ಲಿ ಸುತ್ತಿ ಉಳಿಸಿಕೊಂಡ ಜೀವ. ನೋಡೋಕೆ ಬಂದ ಸೋದರಮಾವ, "ಹೊಟ್ಟೆಯಲ್ಲೇ ತಂಗಿ ಪಾಲನ್ನೂ ನುಂಗಿದ್ದಾಳೆ, ಪಾಲುಗಳ್ಳಿ!" ಅಂದ. ಹೆಸರು ಅಂಟಿಕೊಂಡಿತು. ನಲವತ್ತೇಳು ವರ್ಷವಾದರೂ ಬಿಟ್ಟಿಲ್ಲ. ಅಕ್ಕ ಮೇಲೆ ನಗುತ್ತಿದ್ದಳು. ಒಳಗೆ ಅದು ಹೊಲಿದ ಬಟ್ಟೆಯಲ್ಲಿ ಮರೆತುಹೋದ ಗುಂಡುಸೂಜಿಯ ಹಾಗೆ ಚುಚ್ಚುತ್ತಲೇ ಇತ್ತು.

ಮುಖ ಮಾತ್ರ ಇಬ್ಬರದೂ ಒಂದೇ ಅಚ್ಚು. ಮುಖ ಒಂದೇ ಆದಮೇಲೆ ಬಿ.ಪಿ.ಯೂ ಒಂದೇ ಅನ್ನೋ ಲೆಕ್ಕದಲ್ಲಿ ಒಂದು ಕೆಟ್ಟ ರೂಢಿ ಬೆಳೆದಿತ್ತು. ವರ್ಷಕ್ಕೊಮ್ಮೆ ಅಕ್ಕ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿಕೊಂಡು ಬರೋದು, ತಂಗಿ ಮೆಷಿನ್ನಿನಿಂದ ತಲೆ ಎತ್ತದೆ, "ನಮ್ಮದು ಹೇಗಿದೆಯಂತೆ?" ಅಂತ ಕೇಳೋದು.

"ಸರಿಯಾಗಿದೆಯಂತೆ."

ಅಲ್ಲಿಗೆ ಮುಗಿಯಿತು. ಒಬ್ಬಳ ಅಳತೆ ಕೊಟ್ಟು ಇನ್ನೊಬ್ಬಳಿಗೆ ಅಂಗಿ ಹೊಲಿಸೋಕೆ ಯಾರಾದರೂ ಬಂದಿದ್ದರೆ ಇದೇ ಅಕ್ಕ ಬಯ್ದು ಓಡಿಸುತ್ತಿದ್ದಳು. ತಮ್ಮ ಮೈ ವಿಚಾರದಲ್ಲಿ ಮಾತ್ರ ಆ ಬುದ್ಧಿ ಓಡಲಿಲ್ಲ.

ಒಂದು ಮಧ್ಯಾಹ್ನ ತಂಗಿ ಕೋಟಿನ ಎಡ ತೋಳನ್ನು ಬಲಕ್ಕೆ ಹೊಲಿದುಬಿಟ್ಟಳು. ಅಂಗಡಿ ಇಟ್ಟ ಇಪ್ಪತ್ತಾರು ವರ್ಷದಲ್ಲಿ ಹೀಗೆ ಆಗಿದ್ದಿಲ್ಲ.

"ಲೇ, ಕಣ್ಣು ಎಲ್ಲಿಟ್ಟಿದ್ದೀಯೇ?"

"ಬಯ್ಯಬೇಡ ಅಕ್ಕ. ತಲೆ ಸಿಡೀತಿದೆ. ದಾರ ಎರಡೆರಡು ಕಾಣ್ತಿದೆ."

"ಏಳು, ನಡಿ ಆಸ್ಪತ್ರೆಗೆ."

"ಹೋದ ತಿಂಗಳು ತಾನೆ ಹೋಗಿದ್ವಲ್ಲ!"

"ಹೋಗಿದ್ದು ನಾನು ಕಣೇ, ಪೆದ್ದಿ!"

ಡಾಕ್ಟರಮ್ಮ ತಂಗಿಯ ತೋಳಿಗೆ ಎರಡು ಸಲ ಪಟ್ಟಿ ಕಟ್ಟಿ ನೋಡಿದಳು. ನೂರಾ ತೊಂಬತ್ತು. ಹೋದ ತಿಂಗಳು ಅಕ್ಕನದು ನೂರಾ ಇಪ್ಪತ್ತು ಇತ್ತು. ಮಾತ್ರೆ ಕೊಟ್ಟು ಮಲಗಿಸಿ, ರಕ್ತ ಪರೀಕ್ಷೆ ಮಾಡಿಸಿದಳು. ಸಂಜೆ ಹೊತ್ತಿಗೆ ಬಿ.ಪಿ. ಇಳಿಯುತ್ತಾ ಬಂತು, ಕಿಡ್ನಿ ಇನ್ನೂ ಕೆಟ್ಟಿಲ್ಲ ಅಂತಲೂ ಗೊತ್ತಾಯಿತು. ಆಮೇಲೆ ಡಾಕ್ಟರಮ್ಮ ಕೇಳಿದಳು: "ಹುಟ್ಟಿದಾಗ ಇಬ್ಬರ ತೂಕ ಎಷ್ಟಿತ್ತು?"

ಮಾವನ ಕುಚೋದ್ಯಕ್ಕೆ ಈಗ ಡಾಕ್ಟರೇ ಮೊಹರು ಒತ್ತುತ್ತಾಳೆ ಅಂತ ಅಕ್ಕನಿಗೆ ಅನ್ನಿಸಿತು. ಗೊತ್ತಿಲ್ಲ ಅಂತ ಸುಳ್ಳು ಹೇಳಬಹುದಿತ್ತು. ಆದರೆ ಮಂಚದ ಮೇಲಿದ್ದವಳು ತಂಗಿ. ತೂಕ ಎರಡನ್ನೂ ಹೇಳಿ, "ಇವಳ ಪಾಲು ನಾನೇ ತಿಂದಿದ್ದು ಡಾಕ್ಟರಮ್ಮ" ಅಂದಳು.

"ಯಾರ್ರೀ ಹೇಳಿದ್ದು? ಹೊಟ್ಟೆಯೊಳಗೆ ಯಾರೂ ಕಸಿದು ತಿನ್ನಲ್ಲ. ಕೂಸಿಗೆ ಆಹಾರ ಕೊಡೋ ಮಾಸು ಇಬ್ಬರಿಗೂ ಒಂದೇ ಇದ್ದಿರಬೇಕು. ನಿಮ್ಮ ಹೊಕ್ಕುಳಬಳ್ಳಿ ಅದರ ನಡುವೆ ಕೂತಿರಬಹುದು, ಇವರದು ಅಂಚಿಗೆ. ಅಂಚಿನದಕ್ಕೆ ಕಮ್ಮಿ ಸಿಗುತ್ತೆ. ಆಗ ಕೂಸಿನ ಮೈ ಮೊದಲು ಮಿದುಳಿಗೆ ಕೊಟ್ಟು, ಕಿಡ್ನಿಯಂಥ ಕಡೆ ಕೈ ಬಿಗಿ ಮಾಡುತ್ತೆ. ಅಂಥವರಿಗೆ ಮುಂದೆ ಬಿ.ಪಿ. ಬರೋ ಸಂಭವ ಜಾಸ್ತಿ. ಇದೊಂದೇ ಕಾರಣ ಅಂತ ನಾನು ಹೇಳಲ್ಲ."

ಅಕ್ಕ ಕಣ್ಣು ಕಿರಿದು ಮಾಡಿದಳು. "ಅಂದ್ರೆ, ಬಟ್ಟೆ ಸಾಲದಿದ್ದಾಗ ಎದೆಭಾಗ ಪೂರ್ತಿ ಕತ್ತರಿಸಿಕೊಂಡು ಕಾಣದ ಒಳಮಡಿಕೆಯಲ್ಲಿ ಬಟ್ಟೆ ಉಳಿಸ್ತೀವಲ್ಲ, ಹಾಗೆ?"

"ಹಾಗೇ."

"ಅಂಥ ಅಂಗಿ ಎಷ್ಟು ಹೊಲಿದಿದ್ದೀನಿ ನಾನು! ಎಳೆದಾಡದಿದ್ರೆ ಚೆನ್ನಾಗೇ ಬಾಳಿಕೆ ಬರುತ್ತೆ."

"ಅದಕ್ಕೇ ದಿನಾ ಮಾತ್ರೆ, ಉಪ್ಪು ಕಮ್ಮಿ, ತಿಂಗಳಿಗೊಮ್ಮೆ ತಪಾಸಣೆ. ನೀವಲ್ಲ, ಅವರೇ ಬರಬೇಕು."

ತಂಗಿ ಮಲಗಿದ್ದಲ್ಲಿಂದಲೇ ಅಂದಳು: "ಕೇಳಿಸ್ತಾ ಅಕ್ಕ? ನಂಗೆ ಮೊದಲು ಮಿದುಳಿಗೆ ಕೊಟ್ಟಿದ್ದಂತೆ. ನಿಂಗೆ ಎಲ್ಲಾ ಮೈಗೇ ಹೋಯ್ತು."

"ಮುಚ್ಚೇ ಬಾಯಿ" ಅಂದಳು ಅಕ್ಕ. ಅಂದವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಮುಂದಿನ ತಿಂಗಳು ತಂಗಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಅಕ್ಕ ಸೀಮೆಸುಣ್ಣ ಹಿಡಿದು ಕೂತಳೇ ಹೊರತು ಒಂದು ಗೆರೆ ಎಳೆಯಲಿಲ್ಲ. ಅಷ್ಟರಲ್ಲಿ ಸೋದರಮಾವ ಪ್ಯಾಂಟು ಹಿಡಿದುಕೊಂಡು ಬಂದ.

"ಏನೇ ಪಾಲುಗಳ್ಳಿ, ಇದನ್ನ ಸ್ವಲ್ಪ ಗಿಡ್ಡ ಮಾಡ್ಕೊಡು."

"ಮಾವ, ನಾನು ಕದ್ದಿಲ್ಲ. ಅವಳ ಬಳ್ಳಿ ಅಂಚಿಗೆ ಕೂತಿತ್ತು. ಇನ್ನೊಂದು ಸಲ ಹಾಗಂದ್ರೆ ಒಂದೇ ಕಾಲು ಗಿಡ್ಡ ಮಾಡ್ತೀನಿ."

ಮುದುಕ ಪ್ಯಾಂಟನ್ನು ಎದೆಗೆ ಅವುಚಿಕೊಂಡು ಬೆಂಚಿನ ಮೇಲೆ ಕೂತ. ಆಗ ತಂಗಿ ಮೆಟ್ಟಿಲು ಹತ್ತಿ ಬಂದಳು.

"ನಮ್ಮದು ಹೇಗಿದೆಯಂತೆ?" ಅಂದಳು ಅಕ್ಕ.

ತಂಗಿ ಮೆಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು, ಒಂದೇ ಸಲಕ್ಕೆ.

"ನಂದು ನೂರಾ ಮೂವತ್ತು. ನಿಂದು ನಂಗೇನು ಗೊತ್ತು? ನೀನೇ ಹೋಗಿ ನೋಡಿಸ್ಕೊ."