ಹೊನ್ನಕುದ್ರುವಿನ ಹೊಗೆ

ಹಂಗಾರಕಟ್ಟೆಯ ಗೋಮತಿಯಮ್ಮ ಹುಟ್ಟಿದ್ದು ಅಳಿವೆಯ ಹತ್ತಿರ, ಹೊಳೆಯ ನಡುವೆ ಇದ್ದ ಒಂದು ಕುದ್ರುವಿನಲ್ಲಿ, ಪುಟ್ಟ ನಡುಗಡ್ಡೆಯಲ್ಲಿ. ಹೊನ್ನಕುದ್ರು ಎಂದು ಅದರ ಹೆಸರು. ಅವರು ಚಿಕ್ಕವರಿದ್ದಾಗ ಬಂದ ನೆರೆಯಲ್ಲಿ ಕುದ್ರು ಕೊಚ್ಚಿಹೋಗಿ, ಅಲ್ಲಿನವರೆಲ್ಲ ದಡಕ್ಕೆ ಬಂದು ನೆಲೆಸಿದರು. ಈಗ ಅಲ್ಲಿ ಬರೀ ನೀರು.

೨೦೧೧ರ ಬೇಸಗೆಯಲ್ಲಿ ಮೊಮ್ಮಗಳು ವಿನಯಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ವಿದೇಶದ ಮ್ಯೂಸಿಯಂ ಒಂದು ತನ್ನ ಹಳೆಯ ಫೋಟೋಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿತ್ತು. ಹಂಗಾರಕಟ್ಟೆಯ ಹೆಸರು ಕೊಟ್ಟು ಹುಡುಕಿದರೆ ಏನೂ ಸಿಗಲಿಲ್ಲ. ಬ್ರಿಟಿಷರು ಆ ಹೆಸರನ್ನು ಬಾಯಿಗೆ ಬಂದಂತೆ ಬರೆದಿರಬಹುದು ಎನಿಸಿ, ತೋಚಿದ ಸ್ಪೆಲ್ಲಿಂಗುಗಳ ಜೊತೆ ಜಿಲ್ಲೆಯ ಹಳೆಯ ಹೆಸರನ್ನೂ ಸೇರಿಸಿ, ನಡುನಡುವೆ 'ಅಥವಾ' ಎಂಬರ್ಥದ ಇಂಗ್ಲಿಷ್ ಪದ ಇಟ್ಟಳು. ಈಗ ಚಿತ್ರಗಳ ರಾಶಿಯೇ ಬಂತು, ಹೆಚ್ಚಿನವು ಮಂಗಳೂರಿನವು. ಆ ಹೆಸರನ್ನೂ ಟೈಪ್ ಮಾಡಿ, ಅದರ ಮುಂದೊಂದು ಸಣ್ಣ ಗೆರೆ ಹಾಕಿದಳು.

"ಅದೆಂತ ಗೆರಿ?" ಗೋಮತಿಯಮ್ಮ ಕೇಳಿದರು.

"ಮಂಗ್ಳೂರ್ ಬ್ಯಾಡ ಅಂದ್ ಹೇಳೂಕ್, ಅಮ್ಮಮ್ಮ. ಅದನ್ನ ಬಿಟ್ಟ್ ಹುಡ್ಕತ್ತ್."

"ಹೇಳಿದ್ದ್ ಕೇಂತಾ ಅದ್?"

ಕೇಳಿತು. ನಾಲ್ಕೇ ಚಿತ್ರ ಉಳಿದವು. ಒಂದರ ಕೆಳಗೆ 'ಅಳಿವೆ, ಹಡಗಿನಿಂದ ಕಂಡಂತೆ, ೧೯೪೮' ಎಂದು ಇಂಗ್ಲಿಷಿನಲ್ಲಿತ್ತು. ವಿನಯಾ ಅದನ್ನು ದೊಡ್ಡದು ಮಾಡಿದಳು. ನೀರಿನ ನಡುವೆ ತೆಂಗಿನ ಮರಗಳು, ಒಂದು ಹುಲ್ಲಿನ ಮಾಡು, ದಡಕ್ಕೆ ಎಳೆದಿಟ್ಟ ದೋಣಿ. ಹೊನ್ನಕುದ್ರುವಿನ ಬಗ್ಗೆ ಅಜ್ಜಿ ಹೇಳುತ್ತಿದ್ದದ್ದನ್ನು ಅವಳು ಕತೆಯೆಂದೇ ಕೇಳಿ ಬೆಳೆದಿದ್ದಳು.

ಗೋಮತಿಯಮ್ಮ ಪರದೆಯ ಹತ್ತಿರಕ್ಕೆ ಬಾಗಿದರು. ಆಮೇಲೆ ಬೆರಳನ್ನು ಪರದೆಗೆ ತಾಗಿಸದೆ ತೋರಿಸಿದರು.

"ಇದ್ ಬದಿಮನಿ ಮುತ್ತಂದ್. ನಮ್ದ್ ಕಾಂತಿಲ್ಲ, ಈ ಮರದ್ ಹಿಂದೆ."

"ಛೆ," ಎಂದಳು ವಿನಯಾ.

"ಹೊಗಿ ಕಾಣ್ ಹೆಣೆ."

ಮರಗಳ ತಲೆಯ ಮೇಲೆ ಬಿಳಿ ಮಸುಕೊಂದು ಓರೆಯಾಗಿ ಎದ್ದಿತ್ತು. ಫೋಟೋದ ಕಲೆ ಎಂದುಕೊಂಡು ವಿನಯಾ ಅದನ್ನು ಗಮನಿಸಿರಲೇ ಇಲ್ಲ.

"ಅಬ್ಬಿ ಒಲಿ ಹಚ್ಚಿದ್ಳ್," ಎಂದರು ಗೋಮತಿಯಮ್ಮ, ತೀರ ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದು ಎನ್ನುವ ಹಾಗೆ.

ಅರವತ್ತು ವರ್ಷಗಳ ಹಿಂದೆ ಆರಿಹೋದ, ಅವರ ತಾಯಿಯ ಒಲೆ. ಇಬ್ಬರೂ ಆ ಹೊಗೆಯನ್ನೇ ನೋಡುತ್ತ ಕೂತರು.

ಮರುದಿನ ವಿನಯಾ ಬ್ರಹ್ಮಾವರದ ಸ್ಟುಡಿಯೋದಲ್ಲಿ ಅದರ ಪ್ರಿಂಟ್ ತೆಗೆಸಿದಳು. ಸ್ಟುಡಿಯೋದ ರತ್ನಾಕರ ಚಿತ್ರವನ್ನು ಬೆಳಕಿಗೆ ಹಿಡಿದು ಕೇಳಿದ: "ಚಂದ ಇತ್ತಲ್ಲೆ. ಯಾವ್ ಊರ್ ಇದ್?"

"ನಮ್ ಅಮ್ಮಮ್ಮನ ಊರ್," ಎಂದಳು ಅವಳು.